ಇನ್ನೆಂಟು ಜಿಬಿಯ ಮಹಾವಾಕ್ಯ

ನಮ್ಮ ಗಣಕಲೋಕದಲ್ಲಿ ಯಾರೂ ಪ್ರಮಾಣ ಕೇಳದೆ, ಯಾರೂ ಪರೀಕ್ಷಿಸಿ ನೋಡದೆ, ಶ್ರುತಿವಾಕ್ಯಕ್ಕೆ ಸಲ್ಲುವಷ್ಟೇ ಭಕ್ತಿಯಿಂದ ಒಪ್ಪಿಕೊಂಡಿರುವ ಒಂದು ಮಹಾವಾಕ್ಯವುಂಟು: ಯಂತ್ರ ಅಗ್ಗ, ಎಂಜಿನಿಯರನ ವೇಳೆ ದುಬಾರಿ, ಆದಕಾರಣ ಕೆಲಸ ನಿಧಾನವಾದಲ್ಲಿ ಪ್ರೋಗ್ರಾಮನ್ನು ತಿದ್ದುವ ಗೋಜಿಗೆ ಹೋಗದೆ ಇನ್ನೆಂಟು ಜಿಬಿ ಮೆಮೊರಿ ಹಾಕಿಸಿಬಿಡುವುದೇ ವಿವೇಕ. ಬೆಂಗಳೂರಿನ ನಾಗವಾರದ ಮಾನ್ಯತಾ ಟೆಕ್ ಪಾರ್ಕಿನ ಗಾಜಿನ ಕೋಣೆಗಳಲ್ಲಿ ಇದನ್ನು ಇಂಗ್ಲಿಷಿನಲ್ಲಿ ಪಠಿಸುತ್ತಾರೆ. ಗೊರಗುಂಟೆಪಾಳ್ಯದ ಮೆಟ್ರೋ ನಿಲ್ದಾಣದ ಕೆಳಗೆ ನಿಂತು ಟೀ ಕುಡಿದು, ಪೀಣ್ಯದ ಯಾವುದೋ ಕಾರ್ಖಾನೆಯ ಕಂಪ್ಯೂಟರ್ ನೋಡಲು ಹೊರಟ ಸರ್ವಿಸ್ ಹುಡುಗ ಅದನ್ನೇ "ರ್ಯಾಮ್ ಹಾಕ್ಸಿಬಿಡಿ ಸಾರ್, ಎಲ್ಲಾ ಸರಿಹೋಗುತ್ತೆ" ಎಂದು ಮುಗಿಸುತ್ತಾನೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೊಟ್ಟೆಪಾಡಿಗಾಗಿ ಆಡುವ ಮಾತು ಅದು. ಬಲ್ಲವರೆನ್ನಿಸಿಕೊಂಡು, ಕರ್ನಲಿನ ಒಳಗನ್ನು ಓದಿ ತಿಳಿಯುವ ಸಾಮರ್ಥ್ಯವಿದ್ದೂ ಓದದೆ, ಅದೇ ಮಾತನ್ನು ಸಿದ್ಧಾಂತವೆಂಬಂತೆ ಸಾರುವ ಮಹನೀಯರ ಮೇಲೆ ಈ ಲೇಖನ.

ಮಾತು ಯಾವುದರ ಬಗ್ಗೆ ಎಂಬುದು ಮೊದಲು ಸ್ಪಷ್ಟವಾಗಲಿ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ತನ್ನ ಸ್ವಂತ ಉಪಯೋಗಕ್ಕೆ ಬೇಕಾದ ಮೆಮೊರಿಯನ್ನು ಬೇರೆ ಬೇರೆ ಪೂಲ್‌ಗಳಾಗಿ ವಿಂಗಡಿಸಿ ಇಟ್ಟುಕೊಂಡಿರುತ್ತದೆ: ಜಾಲದಿಂದ ಬರುವ ಪ್ಯಾಕೆಟ್‌ಗಳಿಗೆ ಒಂದು ಅಳತೆಯ ತುಣುಕುಗಳ ಪೂಲ್, ತೆರೆದ ಕಡತಗಳ ವಿವರಕ್ಕೆ ಮತ್ತೊಂದು, ಓಡುತ್ತಿರುವ ಪ್ರೋಗ್ರಾಮುಗಳ ವಿವರಕ್ಕೆ ಮಗುದೊಂದು. 4096 ಬೈಟಿನ ಒಂದೊಂದು ಪುಟವನ್ನು ಸಮನಾದ ತುಣುಕುಗಳಾಗಿ ಕತ್ತರಿಸಿ, ಎಷ್ಟು ಕೊಟ್ಟಾಗಿದೆ, ಎಷ್ಟು ಉಳಿದಿದೆ ಎಂಬ ಲೆಕ್ಕವನ್ನು ಪುಟಕ್ಕೊಂದರಂತೆ ಬರೆದಿಡುತ್ತದೆ. ತುಣುಕನ್ನು ಕೊಡುವುದು ಸುಲಭ. ಹಿಂದಕ್ಕೆ ಪಡೆಯುವಾಗಲೇ ಪ್ರಶ್ನೆ ಹುಟ್ಟುವುದು. ಹಿಂತಿರುಗಿಸುವವನು ಒಪ್ಪಿಸುವುದು ಬರಿಯ ಒಂದು ವಿಳಾಸವನ್ನು. ಅದು ಯಾವ ಪುಟಕ್ಕೆ ಸೇರಿದ್ದು, ಆ ಪುಟದ ಲೆಕ್ಕ ಎಲ್ಲಿದೆ ಎಂಬುದನ್ನು ಅವನು ಹೇಳುವುದಿಲ್ಲ, ಹುಡುಕಿಕೊಳ್ಳಬೇಕಾದದ್ದು ಕರ್ನಲ್. ಈ ಹುಡುಕಾಟವನ್ನು ಚುರುಕುಗೊಳಿಸಬೇಕೆಂದು ಯಾರಾದರೂ ಬಾಯಿ ತೆರೆದರೆ "ಅಷ್ಟು ಸಣ್ಣದಕ್ಕೆ ಇಷ್ಟು ತಲೆಬಿಸಿಯೇಕೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದು ಮಹಾವಾಕ್ಯದ ಮೊದಲನೆಯ ಭಾಷ್ಯ.

ಸಣ್ಣದೆ? ಲೆಕ್ಕ ಹಾಕೋಣ. ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ಈಥರ್ನೆಟ್ ತಂತಿಯಲ್ಲಿ ಅತ್ಯಂತ ಕಿರಿಯ ಪ್ಯಾಕೆಟ್‌ಗಳು ಒಂದರ ಬೆನ್ನಿಗೊಂದು ಬಂದರೆ ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ 80 ಸಾವಿರ ಬರುತ್ತವೆ. ಎಂದರೆ ಒಂದೊಂದಕ್ಕೂ ದೊರೆಯುವ ಅವಧಿ 67.2 ನ್ಯಾನೋಸೆಕೆಂಡ್. ಅಷ್ಟರೊಳಗೆ ಕರ್ನಲ್ ಒಂದು ತುಣುಕನ್ನು ಪಡೆದು, ಪ್ಯಾಕೆಟ್ಟನ್ನು ಅದರಲ್ಲಿರಿಸಿ, ಎಲ್ಲಿಗೆ ಹೋಗತಕ್ಕದ್ದೆಂದು ಓದಿ, ಮುಂದಕ್ಕೆ ದಾಟಿಸಿ, ತುಣುಕನ್ನು ಪೂಲಿಗೆ ಮರಳಿಸಬೇಕು. ತನ್ನ ಮಗ್ಗುಲಿನ ಕ್ಯಾಶೆಯಲ್ಲಿಲ್ಲದ ಒಂದು ಸಂಖ್ಯೆಗಾಗಿ ಪ್ರೊಸೆಸರು ಮುಖ್ಯ ಮೆಮೊರಿಯವರೆಗೆ ಹೋಗಿಬಂದರೆ ಸುಮಾರು 100 ನ್ಯಾನೋಸೆಕೆಂಡ್ ಕಳೆದುಹೋಗುತ್ತದೆ. ಒಂದೇ ಒಂದು ಸಲ ಹೋಗಿಬಂದರೂ ಗಡುವು ಮೀರಿತು. ಈಗ ಪುಟಗಳ ಲೆಕ್ಕಗಳನ್ನೆಲ್ಲ, ಪಠ್ಯಪುಸ್ತಕ ಮೆಚ್ಚುವಂತೆ, ಒಂದು ಸಮತೋಲಿತ ವೃಕ್ಷದಲ್ಲಿ ತೂಗುಹಾಕಿದ್ದೇವೆಂದಿಟ್ಟುಕೊಳ್ಳಿ. 4 ಜಿಬಿಯಲ್ಲಿ ಇಂಥ ಪುಟಗಳು 10,48,576. ಅಷ್ಟೂ ಆ ವೃಕ್ಷದಲ್ಲಿದ್ದರೆ ಬೇರಿನಿಂದ ತುದಿಯವರೆಗೆ ಸುಮಾರು 20 ಮೆಟ್ಟಿಲುಗಳಾದುವು. ಮೇಲಿನ ಹತ್ತು ಮೆಟ್ಟಿಲು ಕ್ಯಾಶೆಯಲ್ಲೇ ಇವೆಯೆಂದು ಎದುರಾಳಿಗೆ ಉದಾರವಾಗಿ ಬಿಟ್ಟುಕೊಡೋಣ. ಉಳಿದ ಹತ್ತಕ್ಕೆ ಒಂದೊಂದಕ್ಕೆ ನೂರರಂತೆ 1000 ನ್ಯಾನೋಸೆಕೆಂಡ್. ಈ ಒಂದು ಹುಡುಕಾಟ ಮುಗಿಯುವುದರೊಳಗೆ ಸುಮಾರು 15 ಪ್ಯಾಕೆಟ್‌ಗಳು ಬಾಗಿಲಿಗೆ ಬಂದು ನಿಂತಿವೆ. ಒಂದು ಸೆಕೆಂಡಿನಲ್ಲಿ ಬಂದವುಗಳ ಪುಟ ಹುಡುಕುವುದಕ್ಕೇ 15 ಸೆಕೆಂಡು ಬೇಕಾಯಿತೆಂದರೆ, ಹದಿನೈದು ಪ್ರೊಸೆಸರುಗಳನ್ನು ಬೇರಾವ ಕೆಲಸಕ್ಕೂ ಬಿಡದೆ ಇದೊಂದಕ್ಕೇ ಕಟ್ಟಿಹಾಕಿದಂತಾಯಿತು. ಇದು ಸಣ್ಣದೆಂದರೆ ದೊಡ್ಡದು ಯಾವುದು?

ಲಜ್ಜೆಯ ಸಂಗತಿಯೇನೆಂದರೆ, ಹುಡುಕುತ್ತಿರುವ ಉತ್ತರ ಆ ವಿಳಾಸದಲ್ಲೇ ಅಡಗಿದೆ. ಪುಟದ ಅಳತೆ 4096, ಅದು 2ರ ಹನ್ನೆರಡನೆಯ ಘಾತ. ಪುಟಗಳು ಆರಂಭವಾಗುವುದು ಆ ಸಂಖ್ಯೆಯ ಗುಣಿತಗಳಲ್ಲಿಯೇ. ಆದುದರಿಂದ ವಿಳಾಸದ ಕೊನೆಯ ಹನ್ನೆರಡು ಬಿಟ್‌ಗಳನ್ನು ಸೊನ್ನೆ ಮಾಡಿದರೆ ಪುಟದ ಮೊದಲು ಸಿಕ್ಕಿತು. ಲೆಕ್ಕವನ್ನು ಪುಟದ ಒಳಗೇ ಒಂದು ನಿಶ್ಚಿತ ಸ್ಥಳದಲ್ಲಿ ಬರೆದಿಟ್ಟಿದ್ದರೆ ಹುಡುಕಾಟ ಅಲ್ಲಿಗೆ ಮುಗಿಯಿತು: ಒಂದು ಆಂಡ್ ಕ್ರಿಯೆ, ಒಂದು ಕೂಡಿಕೆ. ಪುಟದ ಹೊರಗೆ ಇಡಲೇಬೇಕಾದ ಪಕ್ಷದಲ್ಲಿ ಎಲ್ಲ ಪುಟಗಳ ವಿವರವನ್ನೂ ಸಾಲಾಗಿ ಒಂದೇ ಪಟ್ಟಿಯಲ್ಲಿಟ್ಟು, ವಿಳಾಸವನ್ನು ಹನ್ನೆರಡು ಬಿಟ್ ಬಲಕ್ಕೆ ಸರಿಸಿ ಬಂದ ಸಂಖ್ಯೆಯನ್ನೇ ಕ್ರಮಸಂಖ್ಯೆಯಾಗಿ ಬಳಸಬಹುದು. ಲಿನಕ್ಸ್ ಮಾಡುವುದು ಹೆಚ್ಚುಕಡಿಮೆ ಇದನ್ನೇ: 4096 ಬೈಟಿನ ಒಂದೊಂದು ಪುಟಕ್ಕೂ ಸಾಮಾನ್ಯವಾಗಿ 64 ಬೈಟಿನ ಒಂದು ವಿವರ; ಮೆಮೊರಿಯ ನೂರರಲ್ಲಿ ಒಂದೂವರೆ ಪಾಲನ್ನು ಈ ಪಟ್ಟಿಗೆ ಕೊಟ್ಟು, ಹುಡುಕಾಟವೆಂಬುದನ್ನೇ ಇಲ್ಲವಾಗಿಸಿದೆ. ಇದು ನೆನ್ನೆ ಮೊನ್ನೆಯ ಜ್ಞಾನವೂ ಅಲ್ಲ. ಸನ್ ಸಂಸ್ಥೆಯ ಜೆಫ್ ಬಾನ್ವಿಕ್ 1994ರಲ್ಲಿ ಸ್ಲ್ಯಾಬ್ ಪದ್ಧತಿಯನ್ನು ಪ್ರಕಟಿಸಿದಾಗಲೇ ಕಿರಿಯ ತುಣುಕುಗಳ ಲೆಕ್ಕವನ್ನು ಪುಟದ ಕೊನೆಯಲ್ಲಿಟ್ಟು ವಿಳಾಸದಿಂದಲೇ ಅದನ್ನು ಕಂಡುಕೊಳ್ಳುವ, ಹಿರಿಯ ತುಣುಕುಗಳಿಗೆ ಮಾತ್ರ ಹ್ಯಾಶ್ ಕೋಷ್ಟಕವನ್ನು ಆಶ್ರಯಿಸುವ ಕ್ರಮವನ್ನು ವಿವರಿಸಿದ್ದಾನೆ. ಮೂವತ್ತು ವರ್ಷ ಕಳೆದ ಮೇಲೆ, ಕೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವ ಕೋಡನ್ನು ಬರೆದು, ಅಲೆದಾಟಕ್ಕೆ ಇನ್ನೂ ಅಗಲವಾದ ಊರನ್ನು ಖರೀದಿಸಿರೆಂದು ಸಲಹೆ ಕೊಡುವವರಿಗೆ ಏನೆನ್ನೋಣ?

ಅಗಲವಾದ ಊರು ಎಂದುದು ಅಲಂಕಾರಕ್ಕಲ್ಲ; ಇದೇ ನನ್ನ ಮುಖ್ಯ ಆರೋಪ. ಬೇರಾವ ರೋಗಕ್ಕಾದರೂ ಇನ್ನೆಂಟು ಜಿಬಿ ಔಷಧವಾಗಬಹುದೇನೋ, ಈ ರೋಗಕ್ಕೆ ಅದು ಆಹಾರ. ಮೆಮೊರಿ ಹೆಚ್ಚಿದಷ್ಟೂ ಪುಟಗಳು ಹೆಚ್ಚುತ್ತವೆ. ಪುಟಗಳು ಹೆಚ್ಚಿದಷ್ಟೂ ವೃಕ್ಷ ಎತ್ತರವಾಗುತ್ತದೆ, ಹ್ಯಾಶ್ ಕೋಷ್ಟಕದ ಸರಪಣಿಗಳು ಉದ್ದವಾಗುತ್ತವೆ, ಅವುಗಳಲ್ಲಿ ಕ್ಯಾಶೆಗೆ ಹಿಡಿಸುವ ಭಾಗ ಕಿರಿದಾಗುತ್ತದೆ. 4 ಜಿಬಿಗೆ ಹತ್ತು ಲಕ್ಷ ಪುಟಗಳಿದ್ದುವು. 64 ಜಿಬಿಗೆ ಒಂದು ಕೋಟಿ ಅರವತ್ತೇಳು ಲಕ್ಷ. ಹಾಗಾದರೆ ಪ್ರೊಸೆಸರುಗಳನ್ನು ಹೆಚ್ಚಿಸೋಣವೆನ್ನುತ್ತೀರೋ? ವೃಕ್ಷಕ್ಕೆ ಒಂದೇ ಬೀಗವಿದ್ದರೆ, ಹದಿನಾರು ಪ್ರೊಸೆಸರುಗಳಲ್ಲಿ ಒಂದು ಹುಡುಕುತ್ತಿರುವಾಗ ಹದಿನೈದು ಬಾಗಿಲಲ್ಲಿ ಕಾದು ನಿಂತಿರುತ್ತವೆ. ಮೂವತ್ತೆರಡು ತಂದರೆ ಮೂವತ್ತೊಂದು. ಹಣ ಕೊಟ್ಟು ಕೊಂಡದ್ದು ವೇಗವನ್ನೋ, ಕಾಯುವವರ ಸಾಲನ್ನೋ?

ಇನ್ನು ಹೊಸ ತಲೆಮಾರಿನ ಮೆಮೊರಿ ತಾನಾಗಿಯೇ ವೇಗವಾಗಿದೆಯಲ್ಲ ಎನ್ನುವವರಿದ್ದಾರೆ. ಇವರು ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಡಬ್ಬದ ಮೇಲಿನ ದೊಡ್ಡ ಅಂಕಿಯನ್ನು ಓದಿ, ಪಕ್ಕದ ಸಣ್ಣ ಅಂಕಿಯನ್ನು ಓದದೆ ಬಂದವರು. ಸೆಕೆಂಡಿಗೆ 1600 ದಶಲಕ್ಷ ಸಾಗಣೆಯ ಡಿಡಿಆರ್3 ಕಡ್ಡಿಯಲ್ಲಿ ಸಿಎಲ್ ಎಂದು ಬರೆದಿರುವ ಅಂಕಿ 11 ಇದ್ದರೆ, ಕೇಳಿದ ಮಾಹಿತಿಯ ಮೊದಲ ಭಾಗ ಹೊರಬೀಳಲು ತಗಲುವ ಕಾಲ 13.75 ನ್ಯಾನೋಸೆಕೆಂಡ್. ಮೂರು ಪಟ್ಟು ವೇಗದ್ದೆಂದು ಮಾರುವ, 4800 ದಶಲಕ್ಷ ಸಾಗಣೆಯ ಡಿಡಿಆರ್5 ಕಡ್ಡಿಯಲ್ಲಿ ಸಿಎಲ್ 40 ಇದ್ದರೆ ಅದೇ ಕಾಲ 16.67. ಹೊಸದು ಮೊದಲ ಅಕ್ಷರವನ್ನು ಹಳೆಯದಕ್ಕಿಂತ ತಡವಾಗಿ ಕೊಡುತ್ತದೆ. ಕೊಡತೊಡಗಿದ ಮೇಲೆ ಧಾರಾಳವಾಗಿ ಸುರಿಯುತ್ತದೆ ಎಂಬುದೇನೋ ನಿಜ. ಆದರೆ ವೃಕ್ಷದಲ್ಲಿ ಒಂದೊಂದೇ ಮೆಟ್ಟಿಲಿಳಿಯುವವನಿಗೆ ಧಾರಾಳ ಬೇಕಾಗಿಲ್ಲ. ಈ ಮೆಟ್ಟಿಲು ಓದುವ ತನಕ ಮುಂದಿನದು ಎಲ್ಲಿದೆಯೆಂದೇ ಅವನಿಗೆ ತಿಳಿಯದು. ಪ್ರೊಸೆಸರು ಮತ್ತು ಮೆಮೊರಿಗಳ ನಡುವಿನ ಈ ಅಂತರ ಮುಂದೊಂದು ದಿನ ಗೋಡೆಯಾಗಿ ಅಡ್ಡ ನಿಲ್ಲುತ್ತದೆಯೆಂದು ವುಲ್ಫ್ ಮತ್ತು ಮೆಕ್‌ಕೀ 1995ರಲ್ಲೇ ಬರೆದರು. ಗೋಡೆ ಬಂತು, ನಾವು ಅದಕ್ಕೆ ಸುಣ್ಣ ಬಳಿಯುತ್ತ ಕುಳಿತೆವು.

ವಿದ್ವಾಂಸರ ಗುಂಪಿನಲ್ಲಿ ಇದೇ ಅಭಿಪ್ರಾಯ ಇನ್ನೂ ಗೌರವಾನ್ವಿತವಾದ ಉಡುಪು ಧರಿಸಿ ಬರುತ್ತದೆ. ಅಕಾಲದ ಚುರುಕುಗೊಳಿಕೆಯೇ ಸಕಲ ಅನರ್ಥಗಳ ಮೂಲವೆಂದು ಡೊನಾಲ್ಡ್ ಕ್ನೂತ್ ಹೇಳಿಲ್ಲವೆ, ಎಂದು ಕೇಳಿ ಅವರು ಸುಮ್ಮನಾಗುತ್ತಾರೆ. ಅಷ್ಟಕ್ಕೆ ಎದುರಿನವರೂ ಸುಮ್ಮನಾಗಬೇಕೆಂದು ಅವರ ನಿರೀಕ್ಷೆ. ಕ್ನೂತ್ 1974ರ ಆ ಪ್ರಬಂಧದಲ್ಲಿ ಹೇಳಿದ್ದು, ನೂರರಲ್ಲಿ ಸುಮಾರು 97 ಕಡೆ ಚಿಲ್ಲರೆ ಉಳಿತಾಯಗಳನ್ನು ಮರೆಯಬೇಕೆಂದು. ಆ ಬೆನ್ನಿಗೇ ಹೇಳಿದ್ದು, ನಿರ್ಣಾಯಕವಾದ ಉಳಿದ 3ರಲ್ಲಿ ಅವಕಾಶವನ್ನು ಕೈಬಿಡಕೂಡದೆಂದು. ಸೆಕೆಂಡಿಗೆ ಕೋಟಿಗಟ್ಟಲೆ ಸಲ ನಡೆಯುವ, ಯಂತ್ರದ ಮೇಲಿನ ಪ್ರತಿಯೊಂದು ಪ್ರೋಗ್ರಾಮಿನ ಕೆಳಗೂ ಹಾಸಿರುವ ಹುಡುಕಾಟ ಆ 3ರಲ್ಲಿ ಬಾರದಿದ್ದರೆ ಮತ್ತಾವುದು ಬಂದೀತು? ಪೂರ್ವಾರ್ಧವನ್ನು ಜಪಿಸಿ ಉತ್ತರಾರ್ಧವನ್ನು ನುಂಗುವುದು ಯಾವ ಶಾಸ್ತ್ರದಲ್ಲೂ ವ್ಯಾಖ್ಯಾನವೆನಿಸುವುದಿಲ್ಲ. ಸೋಮಾರಿತನಕ್ಕೆ ಒಬ್ಬ ಆಚಾರ್ಯ ಬೇಕಾಗಿದ್ದ, ಸಿಕ್ಕ.

ಈಗ ಹಣದ ಮಾತಿಗೆ ಬರೋಣ; ಮಹಾವಾಕ್ಯದ ಮೋಸ ಪೂರ್ತಿಯಾಗಿ ಬೆತ್ತಲಾಗುವುದು ಇಲ್ಲಿ. ಯಂತ್ರ ಅಗ್ಗ, ಎಂಜಿನಿಯರ್ ದುಬಾರಿ, ಸರಿ. ಯಾರಿಗೆ ಅಗ್ಗ, ಯಾರಿಗೆ ದುಬಾರಿ? ಎಂಜಿನಿಯರನ ವೇಳೆಗೆ ಹಣ ತೆರುವುದು ಕೋಡು ಬರೆಸಿದ ಕಂಪನಿ. ಯಂತ್ರಕ್ಕೆ ಹಣ ತೆರುವುದು ಅದನ್ನು ಬಳಸುವ ಜನ. ಒಬ್ಬ ಎಂಜಿನಿಯರನ ಎರಡು ವಾರ ಉಳಿಯಿತೆಂದು ಇಲ್ಲಿ ಲಾಭದ ಕಾಲಮಿನಲ್ಲಿ ಬರೆದುಕೊಳ್ಳುತ್ತಾರೆ. ಲಕ್ಷ ಯಂತ್ರಗಳಲ್ಲಿ ಲಕ್ಷ ಮಂದಿ ಮೆಮೊರಿ ಹಾಕಿಸಿದ್ದು, ವಿದ್ಯುತ್ತು ಸುಟ್ಟದ್ದು, ಕಾದು ಕುಳಿತದ್ದು ಯಾವ ಖಾತೆಯಲ್ಲೂ ಕಾಣಿಸುವುದಿಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಆ ಅಗ್ಗವೂ ಈಗ ಎಲ್ಲಿದೆ? 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಜಗತ್ತಿನ ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದಂತೆ ಕಡ್ಡಿಗಳ ಬೆಲೆ ಕಣ್ಣಮುಂದೆಯೇ ಏರಿತು. ಪೀಣ್ಯದ ಒಳರಸ್ತೆಯ ಒಂದು ಶೆಡ್ಡಿನಲ್ಲಿ ಎರಡು ಸಿಎನ್‌ಸಿ ಯಂತ್ರ, ಮೂಲೆಯಲ್ಲೊಂದು ಹಳೆಯ ಕಂಪ್ಯೂಟರು ಇಟ್ಟುಕೊಂಡು ಜಾಬ್‌ವರ್ಕ್ ಮಾಡುವಾತನಿಗೆ ಹೋಗಿ ಹೇಳಿ ನೋಡೋಣ, ಮೆಮೊರಿ ಅಗ್ಗವೆಂದು. ಡ್ರಾಯಿಂಗ್ ತೆರೆದುಕೊಳ್ಳುವವರೆಗೆ ಆಪರೇಟರ್ ಸೊಂಟದ ಮೇಲೆ ಕೈಯಿಟ್ಟು ನಿಂತಿರುವ ವೇಳೆಗೆ ಕೂಲಿ ಕೊಡುವವನು ಆತ. ಆ ತಡದ ಎಷ್ಟು ಪಾಲು ಕರ್ನಲಿನದು, ಎಷ್ಟು ಅದರ ಮೇಲೆ ಹೇರಿದ ಕೊಬ್ಬಿನದು ಎಂದು ಆತ ಅರಿಯ. ಅರಿತವರು ಅಳೆದು ಹೇಳುವ ಗೋಜಿಗೆ ಹೋಗಲಿಲ್ಲ.

ಈ ಗೊರಗುಂಟೆಪಾಳ್ಯದ ಆಸುಪಾಸಿನಲ್ಲಿ ಇಂಥ ಮಾತು ಮರ್ಯಾದೆ ಪಡೆದಿರುವುದೇ ಒಂದು ಸೋಜಿಗ. ಇಲ್ಲೇ ತುಮಕೂರು ರಸ್ತೆಯ ಮಗ್ಗುಲಿಗೆ, 1962ರಲ್ಲಿ ಯಂತ್ರೋಪಕರಣಗಳ ವಿನ್ಯಾಸ ಮತ್ತು ಪರೀಕ್ಷೆಗಾಗಿ ಹುಟ್ಟಿದ ಸಿಎಂಟಿಐ ಸಂಸ್ಥೆಯಿದೆ. ಮೈಕ್ರಾನಿನ ಅಳತೆಯಲ್ಲಿ ಸೋತ ಭಾಗವನ್ನು ಅಲ್ಲಿ ಸೋತದ್ದೆಂದೇ ಬರೆಯುತ್ತಾರೆ, ನ್ಯಾನೋ ಮಟ್ಟದ ಉತ್ಪಾದನೆಗೆಂದೇ ಅಲ್ಲೊಂದು ಕೇಂದ್ರವಿದೆ. ಅದರಾಚೆಗೆ ಪೀಣ್ಯದ ಸಾವಿರಾರು ಕಾರ್ಖಾನೆಗಳಲ್ಲಿ, ಶಾಫ್ಟು ಮಿಲಿಮೀಟರಿನ ನೂರರಲ್ಲೊಂದು ಪಾಲು ದಪ್ಪವಾಯಿತೆಂದರೆ "ಬೇರಿಂಗನ್ನು ದೊಡ್ಡದು ಹಾಕಿಸಿಬಿಡಿ" ಎನ್ನುವ ಫಿಟ್ಟರನ್ನು ಆ ದಿನವೇ ಮನೆಗೆ ಕಳಿಸುತ್ತಾರೆ. ನ್ಯಾನೋಮೀಟರನ್ನು ಪೂಜಿಸುವ ರಸ್ತೆಯಲ್ಲಿ ನ್ಯಾನೋಸೆಕೆಂಡಿನ ಮಾತೆತ್ತಿದವನು ಹುಚ್ಚನಾಗುವುದು ಯಾವ ನ್ಯಾಯ? ಉಕ್ಕನ್ನು ಕೊರೆಯುವವನಿಂದ ನಿರೀಕ್ಷಿಸುವ ಶ್ರದ್ಧೆಯನ್ನು, ಅವನ ಹತ್ತು ಪಟ್ಟು ಸಂಬಳ ಪಡೆದು ಕೋಡು ಬರೆಯುವವನಿಂದ ನಿರೀಕ್ಷಿಸಬಾರದೆ?

ಕೊನೆಯದಾಗಿ ಒಂದು ಭಾಷ್ಯ ಉಳಿದಿದೆ, ಎಲ್ಲಕ್ಕಿಂತ ಹೆಚ್ಚು ಹಾನಿಕರವಾದದ್ದು ಅದು. ಕರ್ನಲಿನ ಕೆಲಸವೆಲ್ಲ ಎಂದೋ ಮುಗಿದುಹೋಗಿದೆ, ಉಳಿದಿದ್ದರೂ ಅದು ಅಮೆರಿಕ ಯೂರೋಪುಗಳ ಪಂಡಿತರದ್ದು, ನಮ್ಮ ಪಾಲಿಗೆ ಬಂದದ್ದು ಮೇಲಿನ ಆ್ಯಪುಗಳು ಎಂಬ ವಿನಯ. ಮುಗಿದಿದೆಯೆ? ಲಿನಕ್ಸಿನಲ್ಲಿ ತುಣುಕು ಹಂಚುವ ಇದೊಂದೇ ಕೆಲಸಕ್ಕೆ ಸ್ಲ್ಯಾಬ್, ಸ್ಲಬ್, ಸ್ಲಾಬ್ ಎಂದು ಮೂರು ಪದ್ಧತಿಗಳು ಪೈಪೋಟಿ ನಡೆಸಿ, 2023ರಲ್ಲಿ ಒಂದು, 2024ರಲ್ಲಿ ಇನ್ನೊಂದು ಹೊರಬಿದ್ದು, 2007ರಲ್ಲಿ ಕ್ರಿಸ್ಟೋಫ್ ಲ್ಯಾಮೀಟರ್ ತಂದ ಸ್ಲಬ್ ಮಾತ್ರ ಉಳಿಯಿತು. ಅದನ್ನೂ ಸುಮ್ಮನೆ ಬಿಡಲಿಲ್ಲ: 2025ರ ನವೆಂಬರ್ ಕೊನೆಯಲ್ಲಿ ಹೊರಬಂದ 6.18ನೆಯ ಆವೃತ್ತಿಯಲ್ಲಿ, ಒಂದೊಂದು ಪ್ರೊಸೆಸರಿನ ಬಳಿಯೂ ತುಣುಕುಗಳ ಕಟ್ಟನ್ನು ಇಟ್ಟುಕೊಂಡು, ಪುಟದ ಲೆಕ್ಕದವರೆಗೆ ಹೋಗುವ ಪ್ರಸಂಗವನ್ನೇ ವಿರಳಗೊಳಿಸುವ ಹೊಸ ಏರ್ಪಾಡು ಸೇರಿತು. ಮುಗಿದ ಕೆಲಸವನ್ನು ಜಗತ್ತು ಹೀಗೆ ಮತ್ತೆ ಮತ್ತೆ ಕೈಗೆತ್ತಿಕೊಳ್ಳುತ್ತದೆಯೋ?

ಪರರ ಕೆಲಸವೆಂಬ ಮಾತಂತೂ ಈ ಊರಿಗೆ ಮಾಡುವ ಅಪಚಾರ. ಶತಮಾನದ ಆರಂಭದ ವರ್ಷಗಳಲ್ಲಿ ಇಲ್ಲಿಂದ ಹೆಚ್ಚು ದೂರವಿಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯ ಟಾಟಾ ಸಭಾಂಗಣದಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನಕ್ಕೆ ಜನ ಕಿಕ್ಕಿರಿದು ನೆರೆಯುತ್ತಿದ್ದ ಕಾಲದಲ್ಲಿ, ಐಬಿಎಂನ ಬೆಂಗಳೂರು ಲಿನಕ್ಸ್ ತಂಡದ ದೀಪಂಕರ್ ಶರ್ಮ, ಮನೀಶ್ ಸೋನಿ ಮುಂತಾದವರು ಕೈಹಾಕಿದ್ದು ಸರಿಯಾಗಿ ಇಂಥದೇ ಒಂದು ಹುಡುಕಾಟಕ್ಕೆ. ಕಡತವೊಂದನ್ನು ತೆರೆಯುವಾಗಲೆಲ್ಲ ಅದರ ಹಾದಿಯ ಒಂದೊಂದು ಹೆಸರನ್ನೂ ಕರ್ನಲ್ ತನ್ನ ಡಿಕ್ಯಾಶೆ ಎಂಬ ಹೆಸರುಗಳ ಕೋಶದಲ್ಲಿ ಅರಸಬೇಕು. ಆಗ ಅದಕ್ಕೆಲ್ಲ ಒಂದೇ ಬೀಗವಿತ್ತು. ಪ್ರೊಸೆಸರುಗಳು ಹೆಚ್ಚಿದಂತೆ ಎಲ್ಲವೂ ಆ ಬೀಗದ ಮುಂದೆ ಸಾಲುಗಟ್ಟುತ್ತಿದ್ದುವು. ದೀಪಂಕರ್ ಶರ್ಮ ಲಿನಕ್ಸಿಗೆ ತಂದು, 2002ರಲ್ಲಿ ಕರ್ನಲಿನೊಳಗೆ ಪ್ರವೇಶ ಪಡೆದ ಆರ್‌ಸಿಯು ಎಂಬ ವಿಧಾನದಲ್ಲಿ ಓದುವವನಿಗೆ ಬೀಗವೇ ಇಲ್ಲ: ಬದಲಿಸುವವನು ಹೊಸ ಪ್ರತಿಯನ್ನು ಸಿದ್ಧಪಡಿಸಿ, ಕೊಂಡಿಯನ್ನು ಅದಕ್ಕೆ ತಿರುಗಿಸಿ, ಹಳೆಯದನ್ನು ಓದುತ್ತಿದ್ದವರೆಲ್ಲ ಹೊರಟುಹೋಗುವ ತನಕ ಕಾದು, ಆಮೇಲೆ ಅದನ್ನು ಬಿಡುಗಡೆ ಮಾಡುತ್ತಾನೆ. ಈ ವಿಧಾನವನ್ನು ಡಿಕ್ಯಾಶೆಯ ಹುಡುಕಾಟಕ್ಕೆ ಅನ್ವಯಿಸಿದ ಕ್ರಮವನ್ನು ಸಹಲೇಖಕ ಪಾಲ್ ಮೆಕೆನ್ನಿಯೊಂದಿಗೆ ಶರ್ಮ, ಸೋನಿ ಇಬ್ಬರೂ ಬರೆದ ಲೇಖನ 2004ರ ಜನವರಿಯಲ್ಲಿ ಅಚ್ಚಾಯಿತು. ಅದೇ ತಂಡದ ಬಲ್ಬೀರ್ ಸಿಂಗ್ ಮೊದಲಾದವರು ರೂಪಿಸಿದ ಮೆಮೊರಿ ನಿಯಂತ್ರಕ 2008ರಲ್ಲಿ ಕರ್ನಲನ್ನು ಸೇರಿತು. ಇಂದು ಕಂಟೇನರ್ ಎಂದು ಜಗತ್ತು ಕರೆಯುವುದರ ಮೆಮೊರಿಗೆ ಮಿತಿ ಹಾಕುವುದು ಅದೇ. ಅಲ್ಲಿಯೂ, ಪುಟದಿಂದ ಅದರ ಖಾತೆಗೆ ಹೋಗುವ ದಾರಿ ಹೇಗಿರಬೇಕೆಂಬ ಪ್ರಶ್ನೆ ವರ್ಷಗಟ್ಟಲೆ ಕಾಡಿ, ಪ್ರತ್ಯೇಕವಾಗಿಟ್ಟಿದ್ದ ಖಾತೆಯನ್ನು 2015ರ ಹೊತ್ತಿಗೆ ತೆಗೆದುಹಾಕಿ, ಕೊಂಡಿಯನ್ನು ಪುಟದ ವಿವರದಲ್ಲೇ ಸೇರಿಸಬೇಕಾಯಿತು. ಇವರಲ್ಲಿ ಯಾರಾದರೂ "ಇನ್ನೆಂಟು ಜಿಬಿ ಹಾಕಿಸಿ" ಎಂದು ಕೈತೊಳೆದುಕೊಂಡಿದ್ದರೆ ಇಂದಿನ ನಿಮ್ಮ ಕ್ಲೌಡು ಯಾವುದರ ಮೇಲೆ ನಿಂತಿರುತ್ತಿತ್ತು?

ಆ ಪರಂಪರೆ ಕ್ಷೀಣಿಸಿದ್ದಕ್ಕೆ ನಮ್ಮ ಕಾಲೇಜುಗಳೂ ಹೊಣೆ. ಎಂಜಿನಿಯರಿಂಗ್ ವಿದ್ಯಾರ್ಥಿ ಆಪರೇಟಿಂಗ್ ಸಿಸ್ಟಂ ಪತ್ರಿಕೆಯಲ್ಲಿ ಫಸ್ಟ್ ಫಿಟ್, ಬೆಸ್ಟ್ ಫಿಟ್, ವರ್ಸ್ಟ್ ಫಿಟ್ ಲೆಕ್ಕಗಳನ್ನು ಪುಟ ತುಂಬ ಬಿಡಿಸಿ ಅಂಕ ಗಿಟ್ಟಿಸುತ್ತಾನೆ. ಗಾಲ್ವಿನ್ ಪಠ್ಯಪುಸ್ತಕದಲ್ಲಿ ಸ್ಲ್ಯಾಬಿಗೆ ಮೀಸಲಾದ ಭಾಗ "ಪರೀಕ್ಷೆಗೆ ಬರಲ್ಲ" ಎಂಬ ಪಿಸುಮಾತಿನಲ್ಲಿ ದಾಟಿಹೋಗುತ್ತದೆ. ಡೇಟಾ ಸ್ಟ್ರಕ್ಚರ್ಸ್ ತರಗತಿಯಲ್ಲಿ ವೃಕ್ಷದ ಮೆಟ್ಟಿಲುಗಳನ್ನು ಎಣಿಸಲು ಕಲಿಸುತ್ತಾರೆ. ಒಂದು ಮೆಟ್ಟಿಲಿಗೆ ಒಂದು ನ್ಯಾನೋಸೆಕೆಂಡೋ ನೂರೋ ಎಂದು ಅಳೆಯಲು ಕಲಿಸುವವರಿಲ್ಲ. ಇದನ್ನು ಕಲಿಯದೆ ಬಂದ ತರುಣ ಹತ್ತು ವರ್ಷದ ಮೇಲೆ ಮ್ಯಾನೇಜರನಾಗಿ ಮಹಾವಾಕ್ಯ ಉಚ್ಚರಿಸಿದರೆ ಅಚ್ಚರಿಯೇನು?

ಆದುದರಿಂದ ಕಾಲೇಜುಗಳು ಆ ಮೂರು ಫಿಟ್ಟುಗಳಿಂದ ಒಂದು ವಾ‌ರವನ್ನು ಕಿತ್ತುಕೊಂಡು ವಿದ್ಯಾರ್ಥಿಗಳನ್ನು ಲಿನಕ್ಸ್ ಯಂತ್ರದ ಮುಂದೆ ಕೂರಿಸಲಿ. ಪರ್ಫ್ ಎಂಬ ಉಪಕರಣ ಆ ಯಂತ್ರದಲ್ಲಿ ಪುಕ್ಕಟೆಯಾಗಿ ದೊರೆಯುತ್ತದೆ, ಕರ್ನಲಿನ ಯಾವ ಕಾರ್ಯ ನೂರರಲ್ಲಿ ಎಷ್ಟು ಪಾಲು ವೇಳೆ ತಿನ್ನುತ್ತಿದೆಯೆಂದು ಅಂಕಿಯಲ್ಲಿ ತೋರಿಸುತ್ತದೆ. ಅದೇ ಹುಡುಕಾಟವನ್ನು ವೃಕ್ಷದಲ್ಲೊಮ್ಮೆ, ಹ್ಯಾಶಿನಲ್ಲೊಮ್ಮೆ, ವಿಳಾಸದ ಬಿಟ್ಟುಗಳಿಂದಲೊಮ್ಮೆ ಬರೆದು ಅವರೇ ಅಳೆಯಲಿ. ನಮ್ಮ ಕಂಪನಿಗಳು ತಮ್ಮ ಎಂಜಿನಿಯರುಗಳಿಗೆ ಕರ್ನಲ್ ಓದುವ, ತಿದ್ದಿದ್ದನ್ನು ಮೂಲಕ್ಕೆ ಕಳಿಸುವ ವೇಳೆಯನ್ನು ಸಂಬಳದ ವೇಳೆಯಲ್ಲಿಯೇ ಕೊಡಲಿ. ಖರೀದಿಗೆ ಸಹಿ ಹಾಕುವ ಅಧಿಕಾರದಲ್ಲಿರುವವರೇ, ಸರ್ಕಾರಿ ಕಚೇರಿಯವರಾದರೂ ಸರಿ, ಟೆಕ್ ಪಾರ್ಕಿನವರಾದರೂ ಸರಿ: ಮೆಮೊರಿ ಸಾಲದು ಎಂಬ ಇಂಡೆಂಟು ಮೇಜಿಗೆ ಬಂದಾಗ ಅದರ ಜೊತೆಗೆ ವೇಳೆ ಎಲ್ಲಿ ಹೋಗುತ್ತಿದೆಯೆಂಬ ಪರ್ಫ್ ವರದಿಯೂ ಇದೆಯೇ ನೋಡಿ. ಇಲ್ಲದಿದ್ದರೆ ಕಾಗದವನ್ನು ಹಾಗೆಯೇ ವಾಪಸು ಕಳಿಸಿ. ವರದಿ ಬರುವವರೆಗೆ ಸಹಿ ಹಾಕಬೇಡಿ.